ಹತ್ತನೆಯ ತೂಬಿನ ಉತ್ತರ

ಒಂದು ಕಾಲುವೆಗೆ ಹತ್ತು ತೂಬುಗಳಿದ್ದವು. ನೀರು ಬಿಟ್ಟ ದಿನ ಅಣೆಕಟ್ಟಿನ ಬಾಗಿಲು "ಬಂತೇ?" ಎಂದು ಕೂಗಬೇಕು, ಪ್ರತಿ ತೂಬೂ ಆ ಕೂಗನ್ನು ಕೆಳಗಿನದಕ್ಕೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನು ತನ್ನದರ ಜೊತೆ ಮೇಲಕ್ಕೆ ತಲುಪಿಸಬೇಕು. ಅದು ಅಲ್ಲಿನ ವಾಡಿಕೆ. ಹತ್ತನೆಯ ತೂಬಿನ ಬಾಯಲ್ಲಿ ಮಾತ್ರ ಮೂರು ವರ್ಷದಿಂದ ಜೇಡ ಬಲೆ ಕಟ್ಟಿತ್ತು. ಆ ತೂಬಿನ ಜೊತೆಗಿದ್ದದ್ದು ಒಂದು ಮುದಿ ಕಪ್ಪೆ.

"ನನ್ನನ್ನು ಮರೆತರೇ? ಕೇಳಿ ಬಾ," ಎಂದಿತು ತೂಬು.

ಕಪ್ಪೆ ಅಣೆಕಟ್ಟಿನವರೆಗೂ ಹೋಗಿ ಕೇಳಿತು.

"ಮರೆಯುವುದೆಂದರೇನು?" ಬಾಗಿಲು ರೇಗಿತು. "ಒಬ್ಬರಿಗೆ ಬಾರದಿದ್ದರೂ ಮೇಲಿನವರ ಪಾಲು ತಗ್ಗಿಸುತ್ತೇನೆ. ಪ್ರತಿ ಸಲವೂ ಹತ್ತು 'ಬಂತು' ನನಗೆ ಕೇಳಿಸಿವೆ."

ಮರಳುವಾಗ ಕಪ್ಪೆ ಒಂಬತ್ತನೆಯ ತೂಬನ್ನು ವಿಚಾರಿಸಿತು. ಅದರ ಬಾಯಿಂದ ನೀರು ಭೋರ್ಗರೆಯುತ್ತಿತ್ತು.

"ಹತ್ತನೆಯವರ ದನಿ ನನಗೆ ಕೇಳಿಸುವುದೇ ಇಲ್ಲ," ಎಂದಿತು ಅದು. "ಪಾಪ, ಅವರ ಲೆಕ್ಕ ತಪ್ಪಿಹೋಗಬಾರದೆಂದು ಅವರ 'ಬಂತು' ಕೂಡ ನಾನೇ ಹೇಳುತ್ತೇನೆ."

"ಅವರಿಗೆ ಒಂದು ಹನಿಯೂ ಬಂದಿಲ್ಲ!"

"ಹಾಗೆಂದು ಅವರೇ ಹೇಳಲಿ. ಆ ಕ್ಷಣವೇ ಮೇಲಕ್ಕೆ ತಲುಪಿಸುತ್ತೇನೆ."

ಕಪ್ಪೆ ಬಂದು ಎಲ್ಲವನ್ನೂ ತಿಳಿಸಿತು. ಅದರ ಚರ್ಮ ಒಣಗಿ ಬಿರಿಯತೊಡಗಿತ್ತು. "ತಪ್ಪು ತಿಳಿಯಬೇಡಿ," ಎಂದು ಹೇಳಿ, ಅದೂ ನೀರಿದ್ದ ಕಡೆಗೆ ಹೊರಟುಹೋಯಿತು.

ಮುಂದಿನ ಸಲ "ಬಂತೇ?" ಎಂಬ ಕೂಗು ಇಳಿದು ಬಂದಾಗ, ಹತ್ತನೆಯ ತೂಬು ಜೇಡನ ಬಲೆ ಹರಿದುಹೋಗುವಂತೆ ಅರಚಿತು: "ಬಂದಿಲ್ಲ!"

ಒಂಬತ್ತನೆಯದು ತನ್ನ ನೀರಿನ ಸದ್ದಿನೊಳಗೇ ಒಂದು ಕ್ಷಣ ಕಿವಿಗೊಟ್ಟು ಕಾಯಿತು. ಆಮೇಲೆ ಎಂದಿನ ಮರ್ಯಾದೆಯಿಂದ ಎರಡು ಸಲ "ಬಂತು" ಎಂದು ಕೂಗಿತು.