ದೊರೆ ಕಳಿಸಿದ ಗಡಿಗೆ

"ಗುರುಗಳೇ, ನನಗೆ ಬಿಡುಗಡೆಯನ್ನು ಯಾವಾಗ ಕರುಣಿಸುತ್ತೀರಿ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಹಿಂದೆ ಒಂದು ನಾಡಿನಲ್ಲಿ ದಾಸರನ್ನು ಬಿಡುಗಡೆ ಮಾಡಲು ಒಂದು ಕಟ್ಟಳೆ ಇತ್ತು. ದಾಸ ನೀರಿನ ಗಡಿಗೆ ಹೊತ್ತು ಒಡೆಯನ ಮುಂದೆ ನಿಲ್ಲಬೇಕು. ಒಡೆಯ ಅದನ್ನು ಇಳಿಸಿ, ಒಡೆದು, 'ಇನ್ನು ನೀನು ದಾಸನಲ್ಲ' ಎನ್ನಬೇಕು. ಹಾಗೆನ್ನುವ ಒಡೆಯರು ಮಾತ್ರ ಅತ್ತಿಯ ಹೂವಿನಷ್ಟು ಅಪರೂಪ.

ದೊರೆಯ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಒಬ್ಬ ದಾಸ ಕಾದು ಕಾದು ಬೇಸತ್ತ. ಒಂದು ದಿನ ತನ್ನ ಗಡಿಗೆಯನ್ನು ತಾನೇ ಬಂಡೆಗೆ ಅಪ್ಪಳಿಸಿದ. ಅವನನ್ನು ಕಂಡು ಗಣಿಯ ದಾಸರೆಲ್ಲ ತಮ್ಮ ತಮ್ಮ ಗಡಿಗೆ ಒಡೆದರು. ಕಾವಲುಗಾರರನ್ನು ಅಟ್ಟಿ, ಮಕ್ಕಳುಮರಿಗಳೊಂದಿಗೆ ಗುಡ್ಡ ಹತ್ತಿದರು. ಅವನೇ ಅವರ ಮುಂದಾಳಾದ.

ದೊರೆಯ ಪಡೆ ಗುಡ್ಡವನ್ನು ಸುತ್ತುಗಟ್ಟಿದಾಗ ತಾವು ಮಾಡಿಕೊಂಡ ಎಡವಟ್ಟು ಅವರಿಗೆ ತಿಳಿಯಿತು. ಒರತೆ ಇದ್ದದ್ದು ಗುಡ್ಡದ ಬುಡದಲ್ಲಿ. ಗಟ್ಟಿಗರು ಬಾಣ ತಪ್ಪಿಸಿಕೊಂಡು ಇಳಿದು ಬೊಗಸೆಯಲ್ಲಿ ಕುಡಿದು ಬಂದರು. ಮುದುಕರಿಗೆ, ಮಕ್ಕಳಿಗೆ ತರುವುದು ಯಾವುದರಲ್ಲಿ? ಒಂದು ಗಡಿಗೆಯೂ ಉಳಿದಿರಲಿಲ್ಲ. ಮುಂದಾಳು ತನ್ನನ್ನೇ ಹಳಿದುಕೊಂಡ. ಮೊದಲ ಗಡಿಗೆ ಒಡೆದವನು ತಾನೇ ಅಲ್ಲವೇ?

ಆಗ ದೊರೆ ಒಂದು ಹೊಸ ಗಡಿಗೆ ಕಳಿಸಿದ. 'ಮುಂದಾಳು ಇದನ್ನು ತುಂಬಿಸಿ ಹೊತ್ತು ತಂದು ನನಗೆ ತಲೆಬಾಗಲಿ. ಎಲ್ಲರಿಗೂ ಬಿಡುಗಡೆ ಕೊಡುತ್ತೇನೆ. ಈ ಗಡಿಗೆ ಹೊತ್ತವರ ಮೇಲೆ ಬಾಣ ಬಿಡುವುದಿಲ್ಲ, ನನ್ನಾಣೆ' ಎಂದು ಸಾರಿಸಿದ.

"ಹೋಗಿ ಬಾರಪ್ಪ. ಬಾಗಿದರೆ ಬೆನ್ನೇನು ಮುರಿಯುವುದಿಲ್ಲ" ಎಂದಳು ತುಟಿಯೊಣಗಿದ ಮುದುಕಿಯೊಬ್ಬಳು.

ಮುಂದಾಳು ಇಳಿದ. ಒರತೆಯಲ್ಲಿ ಗಡಿಗೆ ತುಂಬಿ ಹೆಗಲಿಗೇರಿಸಿದ. ದೊರೆ ಅದನ್ನು ಒಡೆಯಲು ಕೋಲು ಹಿಡಿದು ನಿಂತೇ ಇದ್ದ. ಮುಂದಾಳು ಅವನಿಗೆ ಬೆನ್ನು ತಿರುಗಿಸಿ ಗುಡ್ಡ ಹತ್ತತೊಡಗಿದ.

"ಎಲವೋ, ನಿನಗೆ ಬಿಡುಗಡೆ ಬೇಡವೇನೋ?" ಎಂದು ದೊರೆ ಕೂಗಿದ.

"ಬಿಡುಗಡೆ ನಮ್ಮಲ್ಲಿ ಆಗಲೇ ಇದೆ, ದೊರೆಯೇ. ಇಲ್ಲದ್ದು ಗಡಿಗೆ. ಅದನ್ನೂ ಕೊಟ್ಟಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ!"

ಆಣೆ ಇಟ್ಟ ದೊರೆಗೆ ಬಾಣ ಬಿಡಿ ಎನ್ನಲು ಬಾಯಿ ಬರಲಿಲ್ಲ. ಮೊದಲ ಗುಟುಕು ಆ ಮುದುಕಿಗೇ ಸಂದಿತು. ಅವಳು ಕುಡಿದು, ಬೆನ್ನು ನೆಟ್ಟಗೆ ಮಾಡಿ, "ಬಾಗದೆ ಬಂದೆಯಲ್ಲ, ನನ್ನಪ್ಪ" ಎಂದಳು. ಆ ಒಂದೇ ಗಡಿಗೆ ಹೆಗಲಿಂದ ಹೆಗಲಿಗೆ ದಾಟಿ, ದಿನವೂ ಒರತೆಗೆ ಇಳಿದು ಹತ್ತುತ್ತ ಗುಡ್ಡದ ಬಾಯಾರಿಕೆ ತಣಿಸಿತು. ಕೊನೆಗೆ ಪಡೆಯೇ ದಣಿದು ಡೇರೆ ಕಿತ್ತಿತು.

ಕೇಳುತ್ತಿದ್ದ ಶಿಷ್ಯನ ಎದೆಯೂ ಉಬ್ಬಿತು. "ಗುರುಗಳೇ, ಆ ದೊರೆ ಕಡೆಗಾದರೂ ಅವರಿಗೆ ಬಿಡುಗಡೆ ಕೊಟ್ಟನೇ?" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಹಾಗಾದರೆ ನಿನ್ನ ಗಡಿಗೆಯನ್ನೂ ನಾನೇ ಒಡೆಯಬೇಕೇನಪ್ಪ?"