ಒಂದೇ ಮೆಟ್ಟಿಲು

ಗಫಾರ್ ಮೇಷ್ಟ್ರ ಮನೆ ಕಪಿಲಾ ನದಿಯ ದಂಡೆಯಲ್ಲಿತ್ತು. ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ನೌಕರಿ ಮುಗಿದಿತ್ತು, ಪಾಠ ಮುಗಿದಿರಲಿಲ್ಲ. ಭಾನುವಾರ ಯಾರು ಹುಡುಕಿಕೊಂಡು ಬಂದರೂ ನದಿಯ ಮೆಟ್ಟಿಲ ಮೇಲೆ ಕೂತು ಕಲಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಬೊಮ್ಮಿ ಬಂದಳು. ಎಂ.ಎ. ಓದುತ್ತಿದ್ದ ಜೇನುಕುರುಬರ ಹುಡುಗಿ. ಕಾಡಂಚಿನ ಅವಳ ಹಾಡಿಯಿಂದ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಹೆಗಲಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು.

ಮೇಷ್ಟ್ರು ಕೆಳಗಿನ ಮೆಟ್ಟಿಲಲ್ಲಿ ಕೂತು ತಲೆಬುರುಡೆಗಳನ್ನು ತೊಳೆಯುತ್ತಿದ್ದರು. ನಿಜವಾದವಲ್ಲ, ಪಾಠಕ್ಕೆಂದು ಮಾಡಿಸಿದ ಫೈಬರಿನ ಅಚ್ಚುಗಳು.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ದೂರ ಸರಿದು ಕೇಳಿದಳು: "ಏನ್ ಸಾಹೇಬ್ರೆ, ಬೆಳಬೆಳಿಗ್ಗೇನೇ ಇದೇನು ತೊಳೀತಿದೀರಿ?"

"ನಮ್ಮ ಹಿರಿಯರನ್ನಮ್ಮ. ಧೂಳು ಹಿಡಿದಿದ್ರು."

ಬೊಮ್ಮಿಗೆ ನಗು ಬರಲಿಲ್ಲ. "ಸರ್, ನಾನು ಓದು ಬಿಡ್ತಿದೀನಿ. ಹೇಳಿ ಹೋಗೋಣ ಅಂತ ಬಂದೆ."

ಮೇಷ್ಟ್ರು ಒಂದು ಬುರುಡೆಯನ್ನು ಅವಳ ಕೈಗೆ ಕೊಟ್ಟರು. "ಒರೆಸು. ಒರೆಸ್ತಾ ಹೇಳು."

ಅವಳು ಒರೆಸುತ್ತಾ ಹೇಳಿದಳು.

ನಾಳೆ ಅವಳ ಸೆಮಿನಾರ್. ಕೊಟ್ಟ ವಿಷಯ ಒಂದು ಹಳೆಯ ಸಿದ್ಧಾಂತ: ಮನುಷ್ಯಕುಲ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು, ಕಾಡಿನವರು ಎಲ್ಲರಿಗಿಂತ ಕೆಳಗೆ ನಿಂತುಬಿಟ್ಟರು, ನಾಗರಿಕರು ತುದಿಗೆ ತಲುಪಿದರು. ಆ ಸಿದ್ಧಾಂತದ ಪಠ್ಯಪುಸ್ತಕದಲ್ಲಿ ಕೆಳಗಿನ ಮೆಟ್ಟಿಲಿಗೆ ಒಂದು ಹಳೆಯ ಛಾಯಾಚಿತ್ರವಿತ್ತು. ಜೇನಿಗೆ ಹೊಗೆ ಹಾಕುತ್ತಿರುವ ಮುದುಕಿ.

"ನಮ್ಮಜ್ಜಿ ಥರಾನೇ ಇದ್ಲು ಸರ್."

"ಆಮೇಲೆ?"

"ತರಗತೀಲಿ ಒಬ್ಬ ಅಂದ, 'ಚಿತ್ರ ಯಾಕೆ, ಬೊಮ್ಮೀನೇ ಎದ್ದು ನಿಂತ್ರೆ ಸಾಕಲ್ಲ' ಅಂತ. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ ಸರ್. ಅದೇ ನುಂಗಕ್ಕಾಗ್ತಿಲ್ಲ."

ಮೇಷ್ಟ್ರು ತೊಳೆದ ಬುರುಡೆಗಳನ್ನೆಲ್ಲ ಅವಳ ಮುಂದಿಟ್ಟರು.

"ಹಳೇದರಿಂದ ಹೊಸದಕ್ಕೆ ಜೋಡಿಸು."

ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಪುಟ್ಟ ಮಿದುಳಿನದನ್ನು ಕೆಳಗಿನ ಮೆಟ್ಟಿಲಲ್ಲಿ ಇಟ್ಟಳು. ಹುಬ್ಬಿನ ಮೂಳೆ ದಪ್ಪಗಿದ್ದವನ್ನು ಅದರ ಮೇಲಿನ ಮೆಟ್ಟಿಲುಗಳಲ್ಲಿ. ನಮ್ಮಂಥವರ ದುಂಡು ಬುರುಡೆಯನ್ನು ಎಲ್ಲಕ್ಕಿಂತ ಮೇಲೆ.

"ಸರಿಯಾಗಿದೆ," ಎಂದರು ಮೇಷ್ಟ್ರು. "ಮೆಟ್ಟಿಲ ಮೇಲೆ ಇಡು ಅಂತ ಯಾರು ಹೇಳಿದ್ರು?"

ಬೊಮ್ಮಿ ಮೆಟ್ಟಿಲುಗಳನ್ನು ನೋಡಿದಳು. ಯಾರೂ ಹೇಳಿರಲಿಲ್ಲ.

ತಾನೇ ಎದ್ದು, ಒಂದೊಂದನ್ನೇ ಎತ್ತಿ, ಎಲ್ಲವನ್ನೂ ಒಂದೇ ಮೆಟ್ಟಿಲ ಉದ್ದಕ್ಕೂ ಇಟ್ಟಳು.

"ಈಗ ಇವರಲ್ಲಿ ಏನು ವ್ಯತ್ಯಾಸ?"

"ಇವರು ಮೊದಲು ಬದುಕಿದ್ರು, ಇವರು ಆಮೇಲೆ. ಕೆಲವರು ಒಂದೇ ಕಾಲದಲ್ಲಿ ಇದ್ದೋರು, ನಮ್ಮ ದಾಯಾದಿಗಳು."

"ಇದರಲ್ಲಿ ನಿನ್ನ ಅಜ್ಜಿ ಎಲ್ಲಿ?"

ಅವಳು ಕೊನೆಯ ಬುರುಡೆಯನ್ನು ಮುಟ್ಟಿದಳು.

"ಆ ಪುಸ್ತಕ ಬರೆದವನು?"

ಅವಳ ಕೈ ಅಲ್ಲೇ ಇತ್ತು. "ಇಲ್ಲೇ ಸರ್. ಅವನೂ ಇದೇ."

"ಅವನಿಗಿಂತ ನಿನ್ನ ಅಜ್ಜಿ ಹಳಬಳಾ?"

"ಎಲ್ಲಿ ಸರ್! ಅವನು ಸತ್ತು ನೂರು ವರ್ಷದ ಮೇಲಾಯ್ತು. ಅಜ್ಜಿ ನಿನ್ನೆ ಸಂಜೆ ಫೋನ್ ಮಾಡಿ ಬೈದಳು, ಸರಿಯಾಗಿ ಉಣ್ತಿಲ್ಲ ಅಂತ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ತನ್ನ ಕಾಲದಲ್ಲೇ ಬದುಕಿದ್ದವರನ್ನು ಹಿಡಿದು ಅವನು ಹಳೆಯ ಕಾಲದವರು ಎಂದು ಬರೆದಿದ್ದ. ಅವಳೂ ಅದನ್ನು ಓದಿ, ಗೆರೆ ಎಳೆದು, ಬಾಯಿಪಾಠ ಮಾಡಿದ್ದಳು.

ಬೊಮ್ಮಿ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು.

"ಊರಿನ ಬಸ್ಸು ಎಷ್ಟು ಹೊತ್ತಿಗೆ?" ಎಂದರು ಮೇಷ್ಟ್ರು.

"ಹೋಗಲಿ ಬಿಡಿ ಸರ್ ಅದು. ನಾಳೆ ಏನು ಹೇಳ್ಲಿ?"

"ಹಸಿವಾಗಿದೆಯಾ?"

"ಆಗಿದೆ."

"ಮೊದಲು ಊಟ ಮಾಡು. ಅಜ್ಜಿ ಹೇಳಿದ್ದನ್ನ ಕೇಳಬೇಕು."

ಮುಂದಿನ ವಾರ ಬೊಮ್ಮಿ ಮತ್ತೆ ಬಂದಳು. ದೂರದಿಂದಲೇ ಮಾತು ಶುರುಮಾಡಿದ್ದಳು.

"ಸಿದ್ಧಾಂತ ಪೂರ್ತಿ ಹೇಳಿದೆ ಸರ್, ಒಂದೂ ಬಿಡಲಿಲ್ಲ. ಚಿತ್ರ ತೋರಿಸಿ, 'ಇವಳು ಯಾರೋ ಗೊತ್ತಿಲ್ಲ. ಹೆಸರು ಬರೆದಿಲ್ಲ. ಆದ್ರೆ ಆ ಚಿತ್ರ ತೆಗೆದ ಹೊತ್ತಲ್ಲಿ ಇವಳೂ, ತೆಗೆದವನೂ ಒಂದೇ ದಿನದಲ್ಲಿ ಇದ್ರು' ಅಂದೆ."

"ನಕ್ಕವರು?"

"ಯಾರೂ ನಗಲಿಲ್ಲ. ಅವತ್ತು ಹಾಗಂದವನು ಆಮೇಲೆ ಕ್ಯಾಂಟೀನಿಗೆ ಬಂದು ಎದುರಿಗೆ ಕೂತ. ನಾನೇ ಟೀ ಕುಡೀತೀಯಾ ಅಂತ ಕೇಳಿದೆ." ಅವಳು ಉಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತಳು. "ಎದೆ ಮೇಲಿಂದ ಕಲ್ಲು ಎತ್ತಿಟ್ಟ ಹಾಗಾಗಿದೆ ಸರ್."

ಮೇಷ್ಟ್ರು ನೀರಲ್ಲಿ ಕಾಲು ಇಳಿಬಿಟ್ಟು ಕೇಳುತ್ತಿದ್ದರು.

"ಒಂದು ಮಾತು ಸರ್. ಆ ಪುಸ್ತಕಾನ ಪಠ್ಯದಿಂದ ತೆಗೆಸಬೇಕು. ನಾವೆಲ್ಲ ಸೇರಿ ಕೇಳೋಣ ಅಂತಿದೀವಿ. ಇನ್ನು ಮೇಲೆ ಅದನ್ನ ಯಾಕೆ ಓದಬೇಕು?"

"ನೀನು ಓದ್ತಿರೋದು ಏನನ್ನ?"

"ಮಾನವಶಾಸ್ತ್ರ."

"ಬರೆದವನೂ ಮಾನವನೇ ತಾನೇ," ಎಂದರು ಮೇಷ್ಟ್ರು. "ಇಷ್ಟು ದಿನ ಅವನು ನಿಮ್ಮನ್ನ ಓದಿದ. ಈಗ ನೀನು ಅವನನ್ನ ಓದು."