ಉಪ್ಪಿಲ್ಲದ ಗಂಜಿ

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಸಂಜೆಯ ಊಟ ಹಗುರ. ನುಚ್ಚಿನ ಗಂಜಿ, ಮಜ್ಜಿಗೆ, ಹೆಚ್ಚಿದ ಸೌತೆಕಾಯಿ, ಅಷ್ಟೆ. ಉಣ್ಣುವಾಗ ಯಾರೂ ಮಾತಾಡುತ್ತಿರಲಿಲ್ಲ. ಗುರುಗಳಂತೂ ಮೂವತ್ತು ವರ್ಷದಿಂದ ಊಟದ ನಡುವೆ ಬಾಯಿ ತೆರೆದು ಒಂದು ಮಾತು ಆಡಿದವರಲ್ಲ.

ಮಾದಯ್ಯ ಅಲ್ಲಿ ಎರಡು ವರ್ಷ ಇದ್ದು ಕಲಿತವನು. ಆಮೇಲೆ ಮದುವೆಯಾಗಿ ಆಚೆ ದಡದಲ್ಲಿ ಸಂಸಾರ ಹೂಡಿದ್ದ. ಹೋಗುವಾಗ ಆ ಗಂಜಿಯನ್ನೂ ಆ ಮೌನವನ್ನೂ ಮನೆಗೆ ಒಯ್ದಿದ್ದ. ಎರಡೂ ಒಳ್ಳೆಯವೇ ಎಂದು ನಂಬಿದ್ದ.

ಒಂದು ಮಧ್ಯಾಹ್ನ ಅವನು ಬಂದು ಗುರುಗಳ ಕಾಲಿಗೆ ಬಿದ್ದ. ಬೇಗ ಏಳಲಿಲ್ಲ.

“ಮಕ್ಕಳು ಗಂಜಿ ಮುಟ್ಟಲ್ಲ ಬುದ್ಧಿ. ಬೋಂಡ ಬೇಕು, ಚಕ್ಕುಲಿ ಬೇಕು ಅಂತಾರೆ. ಚಿಕ್ಕವನು ಅತ್ತು ಅತ್ತು ಮಲಗ್ತಾನೆ.”

“ದೊಡ್ಡವಳು?”



“ಕೆಂಪಿಗೆ ಐದು ವರ್ಷ. ಹೋದ ವಾರ ಉಣ್ಣುವಾಗ ಏನೋ ಹೇಳಕ್ಕೆ ಬಂದಳು. ಮೌನ ಅಂದೆ. ಮತ್ತೆ ಬಾಯಿ ತೆಗೆದಳು. ಸೌಟಿನಲ್ಲಿ ಕೈ ಮೇಲೆ ಒಂದು ಕೊಟ್ಟುಬಿಟ್ಟೆ. ಈಗ ನಾನು ಸೌಟು ಎತ್ತಿದರೆ ಸಾಕು, ಅವಳ ಎರಡು ಕೈಯೂ ಬೆನ್ನ ಹಿಂದೆ ಹೋಗುತ್ತೆ. ನನ್ನ ಪಕ್ಕ ಕೂರಲ್ಲ.”

“ಏನು ಹೇಳಕ್ಕೆ ಬಂದಿದ್ದಳು?”

“ಕೇಳಲಿಲ್ಲ ಬುದ್ಧಿ.”

ಹೊಡೆದದ್ದಕ್ಕಿಂತ ಆ ಕೇಳದೆ ಹೋದದ್ದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಗುರುಗಳು ಎದ್ದು ದೋಣಿಯ ಕಡೆ ಹೊರಟರು. “ನಡಿ, ಇವತ್ತು ನನಗೆ ನಿಮ್ಮನೇಲಿ ಗಂಜಿ” ಎಂದರು.

ಹೊತ್ತು ಮುಳುಗುವಾಗ ಎಲ್ಲರೂ ಚಾಪೆಯ ಮೇಲೆ ಕೂತರು. ಮಾದಯ್ಯನ ಹೆಂಡತಿ ಪುಟ್ಟಗೌರಿ ಬಡಿಸಿದಳು. ಗುರುಗಳು ಬಂದ ಗಡಿಬಿಡಿಯಲ್ಲಿ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು. ಮಾದಯ್ಯನಿಗೆ ಅದು ಗೊತ್ತಾಯಿತು. ಆದರೆ ಮಾತಾಡಬಾರದಲ್ಲ, ಸುಮ್ಮನೆ ಕುಡಿದ.

ಗುರುಗಳು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

“ಕೆಂಪವ್ವ, ಇದಕ್ಕೆ ಉಪ್ಪೇ ಇಲ್ಲವಲ್ಲೇ.”

ಮಾದಯ್ಯನ ಕೈ ಅಲ್ಲೇ ನಿಂತಿತು.

ಕೆಂಪಿ ಅಪ್ಪನ ಮುಖ ನೋಡಿದಳು. ಆಮೇಲೆ ಪಿಸುಗುಟ್ಟಿದಳು. “ತರಲಾ ತಾತ?”

“ಬೇಗ ತಾರೆ. ನಿಮ್ಮಪ್ಪ ನೋಡು, ದನ ಕಲಗಚ್ಚು ಕುಡಿದಂಗೆ ಕುಡೀತಾವ್ನೆ.”

ಚಿಕ್ಕವನು ನಂಜ ಕಿಲಕಿಲ ನಕ್ಕ.

ಕೆಂಪಿ ಉಪ್ಪಿನ ಮರಿಗೆ ತಂದಳು. ತಾತನ ಬಟ್ಟಲಿಗೆ ಒಂದು ಚಿಟಿಕೆ, ಅವ್ವನಿಗೆ, ತಮ್ಮನಿಗೆ, ತನಗೆ. ಅಪ್ಪನ ಮುಂದೆ ನಿಂತಳು. ಅವನ ಬಟ್ಟಲ ಪಕ್ಕದಲ್ಲಿ ಸೌಟಿತ್ತು. ಅತ್ತ ಕೈ ಚಾಚದೆ, ಸೌತೆಕಾಯಿಯ ತಟ್ಟೆಯ ಅಂಚಿನಲ್ಲಿ ಒಂದು ಚಿಟಿಕೆ ಉಪ್ಪು ಇಟ್ಟು, ಸರಕ್ಕನೆ ಹೋಗಿ ತಾತನ ಪಕ್ಕ ಕೂತಳು.

ಬಚ್ಚಲಲ್ಲಿ ಕಂಡ ಕಪ್ಪೆಯ ಕಥೆ ಹೇಳುತ್ತ ಹೇಳುತ್ತ ಅವಳ ಗಂಜಿ ಮುಗಿಯಿತು. ನಂಜ ಇನ್ನೊಂದು ಸೌಟು ಹಾಕಿಸಿಕೊಂಡ. ಬೋಂಡದ ಮಾತು ಯಾರೂ ಎತ್ತಲಿಲ್ಲ.

ಮಾದಯ್ಯ ಮೆಲ್ಲಗೆ ಕೇಳಿದ. “ಅವತ್ತು ಏನೋ ಹೇಳಕ್ಕೆ ಬಂದಿದ್ದೆಯಲ್ಲ ಮಗಳೇ, ಏನದು?”

ಕೆಂಪಿ ಯೋಚಿಸಿದಳು.

“ಮರ್ತೋಯ್ತಪ್ಪ.”

ಊಟವಾದ ಮೇಲೆ ಮಾದಯ್ಯ ಗುರುಗಳನ್ನು ಕಳಿಸಲು ದೋಣಿಯ ತನಕ ಬಂದ.

“ನನ್ನಿಂದ ನಿಮ್ಮ ಮೌನ ಮುರೀತು ಬುದ್ಧಿ.”

“ಅದು ಮಾತಾಡಿ ಆಡಿ ದಣಿದವರಿಗೆ ಅಂತ ಇಟ್ಟದ್ದು. ನೀನು ಸಂಸಾರಕ್ಕೆ ಹೋಗುವಾಗ ಅದನ್ನ ನಾನು ಹೇಳಬೇಕಿತ್ತು. ಹೇಳಲಿಲ್ಲ.”

“ಅವಳು ಇವತ್ತೂ ನನ್ನ ಪಕ್ಕ ಕೂರಲಿಲ್ಲ.”

ಗುರುಗಳು ದೋಣಿಯಲ್ಲಿ ಕೂತು ಅವನ ಕಡೆ ತಿರುಗಿದರು.

“ನಾಳೆಯ ಗಂಜಿಗೂ ಉಪ್ಪು ಹಾಕಬೇಡಿ. ನೀನೇ ಅವಳನ್ನ ಕೇಳು.”